ಕೊನೆಯನ್ನು ಮೊದಲೇ ಹೇಳುವ ದತ್ತಪ್ಪ ಮಾಸ್ತರರು

ದತ್ತಪ್ಪ ಮಾಸ್ತರರು ಕರುಣೆಯಿಲ್ಲದ ಮನುಷ್ಯ. ಈ ಮಾತನ್ನು ಅವರ ಬೆನ್ನ ಹಿಂದೆ ಹೇಳುತ್ತಿಲ್ಲ. ಜೇವರ್ಗಿ ಕಾಲೋನಿಯ ಅವರ ಮನೆಯಲ್ಲಿ, ಅವರ ಹೆಂಡತಿ ಶೇವಂತಾಬಾಯಿ ಚಹಾ ತಂದಿಡುತ್ತಿದ್ದಾಗ, ಎದುರಿಗೆ ಕೂತು ಹೇಳಿದ್ದೇನೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಖರೆ ಹೇಳೋರಿಗೆಲ್ಲಾ ಇದೇ ಹೆಸರು ಬರ್ತದ ಮೇಡಂ," ಎಂದು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದರು. ಶೇವಂತಾಬಾಯಿ ಮಾತ್ರ ಟ್ರೇ ಹಿಡಿದುಕೊಂಡೇ, "ನೀವಾದ್ರೂ ಅಂದ್ರಲ್ಲ. ನಾ ಅಂದು ಅಂದು ಬ್ಯಾಸತ್ತೀನಿ," ಎಂದರು.

ಮಾಸ್ತರರು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಹುಟ್ಟೂರು ಕಮಲಾಪುರ. ನಮ್ಮ ಕಲಬುರಗಿಯ ಒಂದು ದಿನಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬಹಳ ವರ್ಷಗಳಿಂದ ಪುಸ್ತಕಗಳ ಬಗ್ಗೆ ಬರೆಯುತ್ತಾರೆ. ನಾನು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವಳು. ಹಾಗಾಗಿ ಒಂದು ಸಂಗತಿಯನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈ ಭಾಗದಲ್ಲಿ ಒಂದು ಕಾದಂಬರಿಯನ್ನು ಅವರಷ್ಟು ಗಮನವಿಟ್ಟು ಓದುವವರು ಬಹಳ ಜನ ಇಲ್ಲ. ಅವರ ದೋಷ ಓದಿನಲ್ಲಿಲ್ಲ. ಓದಿದ್ದನ್ನು ಅವರು ಕೊನೆಯಿಂದ ಶುರುಮಾಡಿ ಹೇಳುತ್ತಾರೆ.

ಅವರ ಲೇಖನದ ಮೊದಲ ಸಾಲಿನಲ್ಲೇ ಕಥೆಯ ಕೊನೆ ಇರುತ್ತದೆ. "ಈ ಕಾದಂಬರಿಯಲ್ಲಿ ಗಂಡ ಮರಳಿ ಬರುವುದಿಲ್ಲ, ಬರದೇ ಇರುವುದನ್ನು ಲೇಖಕರು ಚೆನ್ನಾಗಿ ಬರೆದಿದ್ದಾರೆ" ಎಂದು ಒಮ್ಮೆ ಬರೆದರು. ಒಂದು ಪತ್ತೇದಾರಿ ಕಾದಂಬರಿಯ ಬಗ್ಗೆ, "ಕೊಲೆ ಮಾಡಿದವನು ಕಂಪೌಂಡರ್. ಇದನ್ನು ಇಷ್ಟು ಪುಟ ಮುಚ್ಚಿಡುವ ಅಗತ್ಯವಿರಲಿಲ್ಲ" ಎಂದು ಬರೆದರು. ಆ ಲೇಖಕ ರಾಯಚೂರಿನಿಂದ ಫೋನ್ ಮಾಡಿ ಅತ್ತನಂತೆ. ಮಾಸ್ತರರು ಅವನಿಗೆ ಸಮಾಧಾನ ಹೇಳುವ ಬದಲು, ಕಂಪೌಂಡರನ ಪಾತ್ರ ಎಲ್ಲೆಲ್ಲಿ ಸಡಿಲವಾಗಿದೆ ಎಂದು ವಿವರಿಸಿದರಂತೆ.

ಸೂಪರ್ ಮಾರ್ಕೆಟ್ಟಿನಲ್ಲಿ ಪುಸ್ತಕದ ಅಂಗಡಿ ಇಟ್ಟಿರುವ ಆನಂದಕುಮಾರನಿಗೆ ಇದು ನಿತ್ಯದ ತಕರಾರು. ಮಾಸ್ತರರು ಅಂಗಡಿಗೆ ಕಾಲಿಟ್ಟರೆ ಸಾಕು, "ಬಂದ್ರು ನೋಡ್ರಿ," ಎಂದು ಗಿರಾಕಿಗಳಿಗೆ ಹೇಳುತ್ತಿದ್ದ. "ಕಿವಿ ಮುಚ್ಚಿಕೊಳ್ರಿ. ಸರ ಮೊನ್ನೆ ಟಾಕೀಜಿಗೆ ಹೋಗಿ, ಟಿಕೆಟ್ ಹರಿಯೋ ಹುಡುಗನಿಗೇ ಕೊನಿ ಹೇಳಿ ಬಂದಾರ."

"ಕೊನಿ ಹೇಳಿದ್ರ ಕೆಡೋ ಪುಸ್ತಕ ಮೊದಲೇ ಕೆಟ್ಟಿರ್ತದಪಾ," ಎನ್ನುತ್ತಿದ್ದರು ಮಾಸ್ತರರು.

"ಅದು ನಿಮಗ್ರೀ. ನಮ್ಮ ಗಿರಾಕಿಗೆ ಕೊನಿ ಸಿಕ್ಕ ಮ್ಯಾಲೆ ಬುಕ್ಕು ಯಾಕ ಬೇಕು?"

ನಮ್ಮ ಮನೆಯಲ್ಲಿ ತಿಂಗಳಿಗೊಮ್ಮೆ ಸೇರುವ ಓದುಕೂಟದಲ್ಲಿ ಈ ವಿಷಯಕ್ಕೆ ನಾನು ಮತ್ತು ಅವರು ಎಷ್ಟೋ ಸಲ ಜಗಳವಾಡಿದ್ದೇವೆ. ನನ್ನ ನಿಲುವು ಸರಳ. ವಿಮರ್ಶಕ ಓದುಗನನ್ನು ಬಾಗಿಲ ತನಕ ಕರೆದೊಯ್ಯಬೇಕು. ಒಳಗೆ ಯಾರಿದ್ದಾರೆಂದು ಕೂಗಿ ಹೇಳಬಾರದು. ಲೇಖಕ ಒಂದು ಸಂಗತಿಯನ್ನು ಮುನ್ನೂರು ಪುಟ ತಡೆದಿಟ್ಟಿದ್ದರೆ ಆ ತಡೆಯೂ ಅವನ ಬರವಣಿಗೆಯೇ. ಅದನ್ನು ಮುರಿಯುವ ಹಕ್ಕು ವಿಮರ್ಶಕನಿಗಿಲ್ಲ.

"ಶರಣಬಸವೇಶ್ವರರ ಗುಡಿಯಾಗ ಶ್ರಾವಣದಾಗ ಪುರಾಣ ಹಚ್ತಾರಲ್ರಿ," ಎನ್ನುತ್ತಿದ್ದರು ಮಾಸ್ತರರು. "ಅಲ್ಲಿ ಕುಂತವರಿಗೆ ಕೊನಿ ಗೊತ್ತಿಲ್ಲೇನು? ಗೊತ್ತಿದ್ದೂ ವರ್ಷಾ ವರ್ಷಾ ಬರ್ತಾರಿಲ್ಲೋ?"

"ಪುರಾಣ ಬ್ಯಾರೆ, ಕಾದಂಬರಿ ಬ್ಯಾರೆ ಮಾಸ್ತರ."

"ಕೇಳೋರು ಬ್ಯಾರೆ ಅನ್ರಿ. ಅದನ್ನ ಒಪ್ತೀನಿ."

ಈ ಕೊನೆಯ ಮಾತಿನ ಅರ್ಥ ತಿಳಿಯಬೇಕಾದರೆ ಕಮಲಾಪುರದ ಅವರ ಓಣಿಯ ಬಗ್ಗೆ ಹೇಳಬೇಕು. ಅಲ್ಲಿ ಒಂದು ಚಿಕ್ಕ ಬುದ್ಧ ವಿಹಾರವಿದೆ. ಆಷಾಢದ ಹುಣ್ಣಿಮೆಯಿಂದ ಮಳೆಗಾಲದ ತಿಂಗಳುಗಳಲ್ಲಿ ಸಂಜೆ ಗ್ರಂಥ ಓದುವ ವಾಡಿಕೆ. ಮಾಸ್ತರರ ತಂದೆ ಓದುಗರಾಗಿದ್ದರು. ಕೇಳುವವರು ಹೊಲದಿಂದ, ಬಾಳೆತೋಟದಿಂದ, ಕಲ್ಲಿನ ಖಣಿಯಿಂದ ಬಂದವರು, ಹೆಚ್ಚಿನವರು ಹೆಂಗಸರು. ಅವರಲ್ಲಿ ಯಾರೂ ಕೊನೆಯ ತನಕ ಕೂರುವಂತಿರಲಿಲ್ಲ. ಒಬ್ಬಳಿಗೆ ನಳದ ನೀರು ಬರುವ ಹೊತ್ತು, ಇನ್ನೊಬ್ಬಳಿಗೆ ರೊಟ್ಟಿ ಬಡಿಯುವ ಹೊತ್ತು, ಮತ್ತೊಬ್ಬಳ ಕೂಸು ಅಳುತ್ತಿತ್ತು. ಹಾಗಾಗಿ ಆ ತಂದೆ ಒಂದು ಪದ್ಧತಿ ಮಾಡಿಕೊಂಡರು. ಅಂದಿನ ಭಾಗವನ್ನೆಲ್ಲ, ಅದರ ಕೊನೆಯನ್ನೂ, ಮೊದಲು ತಮ್ಮ ಮಾತಿನಲ್ಲಿ ಹೇಳಿಬಿಡುವುದು, ಆಮೇಲೆ ಓದುವುದು. ನಡುವೆ ಎದ್ದು ಹೋದವಳೂ ಕೊನೆಯನ್ನು ಕಟ್ಟಿಕೊಂಡೇ ಹೋಗುತ್ತಿದ್ದಳು. ತಂದೆಯ ನಂತರ ಆ ಕೆಲಸ ಮಗನಿಗೆ ಬಂತು. ಕಲಬುರಗಿಯಲ್ಲಿ ಮನೆ ಕಟ್ಟಿಸಿದ ಮೇಲೂ ಮಾಸ್ತರರು ಪ್ರತಿ ಭಾನುವಾರ ಬಸ್ಸು ಹತ್ತಿ ಕಮಲಾಪುರಕ್ಕೆ ಹೋಗುತ್ತಾರೆ. ಬೆಳಗಿನ ವಂದನೆಯಾದ ಮೇಲೆ ಏನಾದರೂ ಒಂದನ್ನು ಓದಿ ಹೇಳುತ್ತಾರೆ. ಹಲವು ಸಲ ಅದು ಅಂದಿನ ಪುರವಣಿಯ ಅವರದೇ ಲೇಖನ.

"ಕೊನಿ ತನಕ ಕುಂದರಾಕ ಪುರಸತ್ತು ಇದ್ದವರಿಗೆ ಮಾತ್ರ ಕೊನಿ ಸಿಗಬೇಕೇನ್ರಿ?" ಎಂದು ಅವರು ಓದುಕೂಟದಲ್ಲಿ ಕೇಳಿದಾಗ ಒಂದಿಬ್ಬರು ತಲೆದೂಗಿದ್ದರು. ನಾನು ತಲೆದೂಗಲಿಲ್ಲ. ಪತ್ರಿಕೆ ಕೊಂಡು ಓದುವವನು ನಳದ ನೀರಿಗೆ ಎದ್ದು ಹೋಗುವ ಹೆಂಗಸಲ್ಲ. ವಿಹಾರದ ಪದ್ಧತಿಯನ್ನು ಅಚ್ಚಿನ ಪುಟಕ್ಕೆ ತಂದದ್ದು ಅವರ ತಪ್ಪು. ಆ ತಪ್ಪನ್ನು ಅವರು ತತ್ವವೆಂದು ನಂಬಿದ್ದರು.

ಯಶೋಧರಾ ನನ್ನ ವಿದ್ಯಾರ್ಥಿನಿ. ಅದಕ್ಕೂ ಮೊದಲು, ಹೈಸ್ಕೂಲಿನಲ್ಲಿ, ದತ್ತಪ್ಪ ಮಾಸ್ತರರ ವಿದ್ಯಾರ್ಥಿನಿ. ಅದೇ ಕಮಲಾಪುರದ ಓಣಿಯ ಹುಡುಗಿ. ಈಗ ಕಲಬುರಗಿಯ ಸರಕಾರಿ ಶಾಲೆಯೊಂದರಲ್ಲಿ ಶಿಕ್ಷಕಿ. ಕೋಟೆಯ ಹತ್ತಿರ ಬಾಡಿಗೆ ಮನೆ. ತಾಯಿ ರಮಾಬಾಯಿ ಕಮಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಾಳೆ. ಅಕ್ಷರ ಬರುವುದಿಲ್ಲ. ತಂದೆ ತೀರಿಹೋಗಿ ಬಹಳ ದಿನವಾಯಿತು. ಒಬ್ಬ ತಮ್ಮ ಇದ್ದ, ವಿಶ್ವಾಸ.

ಯಶೋಧರಾ ಬರೆದ ಮೊದಲ ಕಾದಂಬರಿಯ ಹಸ್ತಪ್ರತಿಯನ್ನು ನಾನು ಓದಿ ಮುಗಿಸಿದ ದಿನ ಅವಳು ನನಗೊಂದು ಸಂಗತಿ ಹೇಳಿದಳು. ಕಾದಂಬರಿಯಲ್ಲಿ ತಾಯಿಯೊಡನೆ ಜಗಳವಾಡಿ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗುವ ಒಬ್ಬ ಹುಡುಗನಿದ್ದಾನೆ. ಅಕ್ಕ ಅವನನ್ನು ಹುಡುಕುತ್ತಾಳೆ. ಅವನು ಬದುಕಿಲ್ಲ ಎಂಬುದು ಓದುಗನಿಗೆ ಗೊತ್ತಾಗುವುದು ಕೊನೆಯ ಅಧ್ಯಾಯದಲ್ಲಿ. ಅಕ್ಕನಿಗೆ ಅದು ನಡುವಿನಲ್ಲೇ ಗೊತ್ತಾಗಿತ್ತು, ತಾಯಿಯಿಂದ ಮುಚ್ಚಿಟ್ಟಿದ್ದಳು ಎಂಬುದೂ ಆಗಲೇ ತಿಳಿಯುತ್ತದೆ. ಹೆಸರು, ಹುಟ್ಟೂರು ಬದಲಾಯಿಸಿದ್ದಳು. ಉಳಿದದ್ದೆಲ್ಲ ನಿಜ. ವಿಶ್ವಾಸ ಪುಣೆಯಲ್ಲಿ ಗೋಡೆ ಕುಸಿದು ಸತ್ತಿದ್ದ. ಜೊತೆಗಿದ್ದ ಬೀದರ ಕಡೆಯ ಕೂಲಿಯವನೊಬ್ಬ ಎಷ್ಟೋ ತಿಂಗಳ ನಂತರ ಯಶೋಧರಾಳ ಶಾಲೆ ಹುಡುಕಿಕೊಂಡು ಬಂದು ಹೇಳಿ ಹೋಗಿದ್ದ. ಆಗ ರಮಾಬಾಯಿ ಗರ್ಭಕೋಶದ ಆಪರೇಷನ್ ಆಗಿ ದವಾಖಾನೆಯಲ್ಲಿ ಮಲಗಿದ್ದಳು. ಈಗ ಬೇಡ, ಮನೆಗೆ ಬಂದ ಮೇಲೆ ಎಂದುಕೊಂಡಳು ಯಶೋಧರಾ. ಮನೆಗೆ ಬಂದ ಮೇಲೆ, ಜರಾ ಸುಧಾರಿಸಲಿ ಎಂದುಕೊಂಡಳು. ಆರು ವರ್ಷ ಕಳೆದವು. ತಮ್ಮ ಗುಜರಾತಿಗೆ ಹೋಗಿದ್ದಾನೆ, ಸಿಟ್ಟು ಇಳಿದಿಲ್ಲ, ಫೋನ್ ಮಾಡುವುದಿಲ್ಲ ಎಂದು ತಾಯಿಗೆ ಹೇಳುತ್ತ ಬಂದಳು.

ಆ ತಾಯಿಯೂ ನಂಬಿದ್ದಳು. ರೇಷನ್ ಅಂಗಡಿಯ ಗುರುಲಿಂಗಪ್ಪ, ಹೆಬ್ಬೆಟ್ಟು ಕೊಡದವನ ಹೆಸರು ಕಾರ್ಡಿನಿಂದ ತೆಗೆಯಬೇಕಾಗುತ್ತದೆ ಎಂದಾಗಲೆಲ್ಲ ಅವನೊಡನೆ ಜಗಳವಾಡುತ್ತಿದ್ದಳು. "ನಿನ್ನ ಮಶೀನಿಗೆ ಅವಸರ ಇದ್ರ ಗುಜರಾತಿಗೆ ಹೋಗಿ ಬೆಟ್ಟು ತಗೊಂಡು ಬಾ," ಎನ್ನುತ್ತಿದ್ದಳಂತೆ.

"ತಾಯಿಗೆ ಹೇಳಾಕ ಆಗದ್ದನ್ನ ಪುಸ್ತಕಾ ಮಾಡ್ಸಿ ಮಾರಾಕ ಹೊಂಟೀದಿ," ಎಂದೆ ನಾನು ಯಶೋಧರಾಳಿಗೆ.

"ಅವ್ವಗ ಓದಾಕ ಬರಂಗಿಲ್ರಿ ಮೇಡಂ," ಎಂದಳು. ಅವಳ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಕಮಲಾಪುರದ ಆ ಓಣಿಯಲ್ಲಿ ಅಷ್ಟು ದಪ್ಪ ಪುಸ್ತಕವನ್ನು ಕೂತು ಓದಿ ರಮಾಬಾಯಿಗೆ ಹೇಳುವವರು ಯಾರೂ ಇರಲಿಲ್ಲ. ಒಂದು ಪುಟದ ಲೇಖನವನ್ನು ಓದಿ ಹೇಳುವವರು ಮಾತ್ರ ಒಬ್ಬರಿದ್ದರು.

ಪುಸ್ತಕ ಬಂತು. ಧಾರವಾಡದ ಪ್ರಕಾಶಕರು ಹಿಂದಿನ ಹೊದಿಕೆಯ ಮೇಲೆ "ತಮ್ಮ ಎಲ್ಲಿದ್ದಾನೆ?" ಎಂದು ದೊಡ್ಡದಾಗಿ ಅಚ್ಚು ಹಾಕಿದ್ದರು. ಮುಂದಿನ ಭಾನುವಾರ ಮಾಸ್ತರರು ಅದರ ಬಗ್ಗೆ ಬರೆಯುತ್ತಾರೆಂದು ಆನಂದಕುಮಾರನಿಂದ ತಿಳಿದ ಕೂಡಲೇ ಯಶೋಧರಾ ನನ್ನ ಮನೆಗೆ ಓಡಿ ಬಂದಳು. ಇಬ್ಬರೂ ಮಾಸ್ತರರ ಮನೆಗೆ ಹೋದೆವು.

"ಬಾ ಬಾ," ಎಂದರು ಮಾಸ್ತರರು. "ಛೊಲೋ ಬರ್ದೀದಿ. ನಡುವ ಆ ಮದುವಿ ಪ್ರಸಂಗ ಜರಾ ಎಳದೀದಿ. ಅದನ್ನ ಬರೀತೀನಿ, ಸಿಟ್ಟಾಗಬ್ಯಾಡ."

"ಬೈದು ಬರೀರಿ ಸರ. ಏನರ ಬರೀರಿ. ಕೊನಿ ಒಂದು ಬರೀಬ್ಯಾಡ್ರಿ."

"ಯಾಕ, ಆನಂದಕುಮಾರ ಕಳಸ್ಯಾನೇನು?"

ಯಶೋಧರಾ ಎಲ್ಲವನ್ನೂ ಹೇಳಿದಳು. ಹೇಳಬಾರದಿತ್ತು ಎಂದು ಆಮೇಲೆ ಬಹಳ ಸಲ ಅಂದುಕೊಂಡಳಂತೆ. ಮಾಸ್ತರರು ಕನ್ನಡಕ ತೆಗೆದು ಒರೆಸುತ್ತ ಕೇಳಿಸಿಕೊಂಡರು. ವಿಶ್ವಾಸನೂ ಅವರ ಕೈಯಲ್ಲಿ ಓದಿದ ಹುಡುಗ. ಸುದ್ದಿ ಅವರಿಗೂ ಹೊಸದು. ಮುಖದಲ್ಲಿ ನನಗೇನೂ ಕಾಣಲಿಲ್ಲ.

"ನಿಮ್ಮವ್ವಗ ಇಷ್ಟು ದಿನ ಏನಂತ ಹೇಳೀದಿ?"

"ಗುಜರಾತಿನಾಗ ಇದ್ದಾನಂತ. ಸಿಟ್ಟಿನಾಗ ಇದ್ದಾನಂತ."

"ಸಿಟ್ಟು ಯಾರ ಮ್ಯಾಲ?"

"ಅವ್ವನ ಮ್ಯಾಲ," ಎಂದಳು ಯಶೋಧರಾ.

"ಅಂದ್ರ ಆರು ವರ್ಷದಿಂದ ಆಕಿ, ನನ್ನ ಮಗ ನನ್ನ ಮಾರಿ ನೋಡಬಾರದಂತ ಕುಂತಾನ ಅಂತ ತಿಳ್ಕೊಂಡಾಳ."

"ಹೇಳ್ತೀನಿ ಸರ. ನಾನೇ ಹೇಳ್ತೀನಿ. ಜರಾ ವ್ಯಾಳ್ಯಾ ಕೊಡ್ರಿ."

"ಇಡೀ ಜಿಲ್ಲಾಕ್ಕ ಅಚ್ಚು ಹಾಕ್ಸಿ ಹೇಳೀದಿ. ಹೆತ್ತಾಕಿಗೆ ಹೇಳಾಕ ವ್ಯಾಳ್ಯಾ ಬೇಕೇನು?"

ನಾನು ನಡುವೆ ಬಾಯಿ ಹಾಕಿದೆ. "ಮಾಸ್ತರ, ಇದು ನಿಮ್ಮ ಕಾಲಮ್ಮಿನ ವಾದ ಅಲ್ಲ. ಒಬ್ಬಾಕಿ ಜೀವದ ಮಾತದ."

"ಅದಕ್ಕೇ ಅಂತೀನಿ ಮೇಡಂ," ಎಂದರು. ಅಷ್ಟೇ. ಬರೆಯುತ್ತೇನೆ ಎನ್ನಲಿಲ್ಲ, ಬರೆಯುವುದಿಲ್ಲ ಎನ್ನಲಿಲ್ಲ. "ನೋಡ್ತೀನಿ," ಎಂದರು. ಗೇಟಿನ ತನಕ ಬಂದ ಶೇವಂತಾಬಾಯಿ ಯಶೋಧರಾಳ ಕೈ ಹಿಡಿದು, "ಅವರು ನೋಡ್ತೀನಿ ಅಂದ್ರ ಬರೀತಾರಂತ ತಿಳ್ಕೋ. ನೀ ಮೊದಲ ಹೋಗಿ ಹೇಳಿಬಿಡು ತಂಗಿ," ಎಂದರು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಯಶೋಧರಾ ಕಮಲಾಪುರಕ್ಕೆ ಹೋದಳು. ತಾಯಿಯ ಹಣ್ಣಿನ ಗಾಡಿಯ ಪಕ್ಕ ಕೂತಳು. ಪುಣೆ ಬಸ್ಸು ಬಂದು ನಿಂತಿತು, ಹೋಯಿತು. ಹುಮನಾಬಾದ ಬಸ್ಸಿನವರು ಹಣ್ಣು ಕೊಂಡರು. ರಮಾಬಾಯಿ ಎಲ್ಲರಿಗೂ, "ನನ್ನ ಮಗಳು ಬುಕ್ಕು ಬರದಾಳ್ರಿ," ಎಂದು ಹೇಳಿಯೇ ಹಣ್ಣು ಕೊಡುತ್ತಿದ್ದಳಂತೆ. ಒಬ್ಬ ಕಂಡಕ್ಟರ್, "ಏನು ಕಥಿನವ್ವ ಅದು?" ಎಂದು ಕೇಳಿದ. "ನಂಗೇನು ಮಾಲೂಮು, ಓದಿದೋರು ಹೇಳ್ಬೇಕು," ಎಂದು ಅವಳು ನಕ್ಕಳು. ಯಶೋಧರಾ ಸಂಜೆಯ ಬಸ್ಸಿಗೆ ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು, ಏನೂ ಹೇಳದೆ ಮರಳಿದಳು.

ಭಾನುವಾರದ ಪುರವಣಿಯಲ್ಲಿ ಲೇಖನ ಹೀಗೆ ಶುರುವಾಗಿತ್ತು: "ತಮ್ಮ ಪುಣೆಯಲ್ಲಿ ಗೋಡೆ ಬಿದ್ದು ಸತ್ತಿದ್ದಾನೆ. ಅಕ್ಕನಿಗೆ ಗೊತ್ತು. ತಾಯಿಗೆ ಗೊತ್ತಿಲ್ಲ. ಈ ಕಾದಂಬರಿ ಇರುವುದು ಈ ಮೂರು ವಾಕ್ಯಗಳ ನಡುವೆ."

ಆ ಬೆಳಿಗ್ಗೆ ವಿಹಾರದಲ್ಲಿ ನಡೆದದ್ದನ್ನು ನಾನು ನೋಡಿಲ್ಲ. ರಮಾಬಾಯಿಯ ನೆರೆಮನೆಯ ಪುತಳಾಬಾಯಿ ಆಮೇಲೆ ಹೇಳಿದ್ದನ್ನು ಬರೆಯುತ್ತೇನೆ. ಮಾಸ್ತರರು ಅಂದು ಪತ್ರಿಕೆಯನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲವಂತೆ. ಬೇರೆ ಯಾವುದೋ ಪುಸ್ತಕ ಬಿಚ್ಚಿದರು. ರಮಾಬಾಯಿಯೇ ಎದ್ದು ನಿಂತಳು.

"ದತ್ತಣ್ಣಾ, ನನ್ನ ಮಗಳ ಬುಕ್ಕಿನ ಬಗ್ಗೆ ಬರ್ದೀಯಂತಲ್ಲ. ಅದನ್ನ ಓದು. ಎಲ್ಲಾರೂ ಕೇಳ್ಲಿ."

"ಮುಂದಿನ ವಾರ ಓದೂನು ತಂಗಿ."

"ಯಾಕ, ಬೈದು ಬರ್ದೀಯೇನು?" ಎಂದಳು ರಮಾಬಾಯಿ. ಹೆಂಗಸರೆಲ್ಲ ನಕ್ಕರು. ಪುತಳಾಬಾಯಿ, "ಬೈದಿದ್ರೂ ಓದಬೇಕು ಯಣ್ಣಾ. ಆಕಿ ರಾತ್ರಿಯೆಲ್ಲಾ ಸೀರಿ ಇಸ್ತ್ರಿ ಮಾಡ್ಸಿ ಇಟ್ಟಾಳ, ಇವತ್ತು ಉಟ್ಟುಕೊಂಡು ಬಂದಾಳ," ಎಂದು ಚುಡಾಯಿಸಿದಳು.

ಮಾಸ್ತರರು ಪತ್ರಿಕೆ ತೆಗೆದರು. ಯಾವಾಗಲೂ ಓದುವ ದನಿಯಲ್ಲೇ ಓದಿದರು. ಮೊದಲ ಮೂರು ವಾಕ್ಯ ಮುಗಿಯುವಷ್ಟರಲ್ಲಿ ನಗು ನಿಂತಿತ್ತು. ಅವರೂ ನಿಲ್ಲಿಸಿದರು. "ಪೂರಾ ಓದು," ಎಂದಳು ರಮಾಬಾಯಿ. ಪೂರ್ತಿ ಓದಿದರು, ಮದುವೆಯ ಪ್ರಸಂಗ ಎಳೆದಂತಾಗಿದೆ ಎಂಬುದನ್ನೂ ಓದಿದರು.

"ಇದು ನಮ್ಮ ವಿಶ್ವಾಸನ ಕಥಿಯೇನು?"

ಇಲ್ಲ, ಇದು ಕಾದಂಬರಿ, ಬರೆದವರು ಕಟ್ಟಿ ಬರೆಯುತ್ತಾರೆ ಎಂದು ಹೇಳಬಹುದಿತ್ತು. ಸಾಹಿತ್ಯದ ಪಾಠ ಮಾಡಿದ ಯಾರಿಗೂ ಆ ಉತ್ತರ ಬಾಯಲ್ಲೇ ಇರುತ್ತದೆ. ಮಾಸ್ತರರು "ಹೌದು" ಎಂದರು.

ರಮಾಬಾಯಿ ಅಳಲಿಲ್ಲವಂತೆ. ಸೆರಗು ಸರಿಮಾಡಿಕೊಂಡು ಮನೆಗೆ ನಡೆದಳು. ಅಂದು ಗಾಡಿ ಹೊರಡಲಿಲ್ಲ. ಸುದ್ದಿ ತಿಳಿದು ಯಶೋಧರಾ ಬಂದಾಗ ತಾಯಿ ಒಂದೇ ಮಾತು ಹೇಳಿದಳು: "ಹಂಗಾದ್ರ ಅಂವ ನನ್ನ ಮ್ಯಾಲ ಸಿಟ್ಟಾಗಿದ್ದಿಲ್ಲ." ಆಮೇಲೆ ಬಹಳ ದಿನ ಮಗಳೊಡನೆ ಮಾತಾಡಲಿಲ್ಲ. ಮರುದಿನ ತಾನೇ ಗುರುಲಿಂಗಪ್ಪನ ಅಂಗಡಿಗೆ ಹೋಗಿ ಕಾರ್ಡು ಮುಂದಿಟ್ಟು, "ಹೆಸರು ತಗಿ," ಎಂದಳು. ವರ್ಷಗಟ್ಟಲೆ ಅದನ್ನೇ ಹೇಳುತ್ತಿದ್ದ ಗುರುಲಿಂಗಪ್ಪ ಕಾರ್ಡು ಮುಟ್ಟಲಿಲ್ಲ. "ಇರ್ಲಿ ಬಿಡವ್ವ, ಮುಂದಿನ ತಿಂಗಳ ನೋಡೂನು," ಎಂದ. "ಇವತ್ತೇ ತಗಿ," ಎಂದು ಅವಳು ಅಲ್ಲೇ ನಿಂತಳು.

ನಾನು ಮಾಸ್ತರರ ಮನೆಗೆ ಹೋಗಿ ಮೊದಲಲ್ಲಿ ಬರೆದ ಮಾತನ್ನು ಹೇಳಿದ್ದು ಆ ವಾರದಲ್ಲೇ. ಅವರು ಸರಿಯಿದ್ದಿರಬಹುದು, ಆ ತಾಯಿ ಇಲ್ಲದ ಮುನಿಸನ್ನು ಆರು ವರ್ಷ ಹೊತ್ತಿದ್ದಳು ಎಂಬುದು ಸುಳ್ಳಲ್ಲ. ಆದರೆ ಸರಿಯಾದದ್ದನ್ನು ಇಸ್ತ್ರಿ ಸೀರೆ ಉಟ್ಟು ಬಂದ ಹೆಂಗಸಿಗೆ ಓಣಿಯ ಮುಂದೆ ಪತ್ರಿಕೆಯ ವಾಕ್ಯದಲ್ಲಿ ಹೇಳುವವನಿಗೆ ಕರುಣೆಯಿದೆ ಎಂದು ಹೇಗೆ ಒಪ್ಪಲಿ? ಪುರವಣಿಗೆ ಆ ವಾರ ಓದುಗರ ಬೈಗುಳ ಬಂದವು, ಹೊಗಳಿಕೆಯೂ ಬಂತು. ಆನಂದಕುಮಾರ ನನ್ನನ್ನು ಅಂಗಡಿಯಲ್ಲಿ ಕಂಡು ತಲೆ ತಗ್ಗಿಸಿ, "ಮೇಡಂ, ಬುಕ್ಕು ಖಾಲಿ ಆಗ್ಯಾವ್ರಿ. ಕೊನಿ ಗೊತ್ತಿದ್ದೂ ಒಯ್ಲಿಕತ್ಯಾರ," ಎಂದ. ಯಾರೂ ಅದಕ್ಕೆ ಸಂತೋಷಪಡಲಿಲ್ಲ.

ಶ್ರಾವಣ ಕಳೆಯಿತು. ಒಂದು ದಿನ ಪುತಳಾಬಾಯಿಯ ಮೊಬೈಲಿನಿಂದ ಮಾಸ್ತರರಿಗೆ ಫೋನ್ ಬಂತು. ಮಾತಾಡಿದವಳು ರಮಾಬಾಯಿ.

"ಕೊನಿ ಹೇಳಿ ಹೋದಿ. ನಡುವಿಂದು ಯಾರು ಓದ್ತಾರ? ಬುಕ್ಕು ತಗೊಂಡು ಬಾ."

ಅಂದಿನಿಂದ ಭಾನುವಾರ ವಂದನೆಯಾದ ಮೇಲೆ ಮಾಸ್ತರರು ರಮಾಬಾಯಿಯ ಮನೆಯ ಕಟ್ಟೆಯ ಮೇಲೆ ಕೂತು ಕಾದಂಬರಿ ಓದತೊಡಗಿದರು. ಮೊದಲ ದಿನ ತಮ್ಮ ಪದ್ಧತಿಯಂತೆ ಅಧ್ಯಾಯದ ಸಾರಾಂಶ ಹೇಳಹೊರಟರು. ಅವಳು ಕೈ ಎತ್ತಿ ತಡೆದಳು. "ಬ್ಯಾಡ ಯಣ್ಣಾ. ಹೇಳಿದ್ದು ಸಾಕು. ಬರೇ ಓದು."

ಓದುವುದು ಕಷ್ಟದ ಕೆಲಸವಾಯಿತು. ಅವಳು ವಾಕ್ಯಕ್ಕೊಮ್ಮೆ ತಡೆಯುತ್ತಿದ್ದಳು.

"ಬದನಿಕಾಯಿ ಪಲ್ಯ ಎರಡು ಸಲ ಹಾಕ್ಸಿಕೊಂಡ ಅಂತ ಬರದಾಳೇನು? ಸುಳ್ಳು. ಅಂವಗ ಬದನಿಕಾಯಿ ಸೇರ್ತಿದ್ದಿಲ್ಲ. ತಾಟಿನ ಬಾಜೂಕ ಸರಸಿ ಇಡ್ತಿದ್ದ."

"ಕಾದಂಬರಿ ತಂಗಿ. ಜರಾ ಹೆಚ್ಚು ಕಡಿಮಿ ಬರೀತಾರ."

"ಬರೀಲಿ. ಬದನಿಕಾಯಿ ಯಾಕ ಬರೀಬೇಕು? ಚವಳಿಕಾಯಿ ಬರೀಬೌದಿತ್ತಿಲ್ಲೋ?"

ಪುತಳಾಬಾಯಿ ಹೇಳುವಂತೆ, ಜಗಳದ ಅಧ್ಯಾಯ ಓದಿದ ದಿನ ಮಾತ್ರ ಅವಳು ಒಮ್ಮೆಯೂ ತಡೆಯಲಿಲ್ಲ. ಮಗ ಚೀಲ ಹೆಗಲಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆಯುವ ತನಕ ಕೇಳಿ, "ಇವತ್ತಿಗೆ ಸಾಕು," ಎಂದು ಎದ್ದುಹೋದಳು.

ದೀಪಾವಳಿಯ ಹೊತ್ತಿಗೆ ಕೊನೆಯ ಅಧ್ಯಾಯ ಉಳಿಯಿತು. ಆ ಭಾನುವಾರ ಬರಬೇಕೆಂದು ರಮಾಬಾಯಿ ಮಗಳಿಗೆ ಹೇಳಿಕಳಿಸಿದಳು. ಒಬ್ಬಳೇ ಹೋಗಲು ಧೈರ್ಯ ಸಾಲದೆ ಯಶೋಧರಾ ನನ್ನನ್ನು ಕರೆದಳು. ಬಸ್ಸು ಅರ್ಧ ದಾರಿಗೆ ಬಂದಾಗ, "ಮೇಡಂ, ಅದರಾಗ ಆ ಅರ್ಧ ಪುಟ ಅದ," ಎಂದಳು.

ನನಗೆ ಗೊತ್ತಿತ್ತು. ಬೀದರ ಕಡೆಯ ಆ ಕೂಲಿಯವನು ಅವಳಿಗೆ ಹೇಳಿದ್ದನ್ನು ಅವಳು ಹಾಗೆಯೇ ಬರೆದಿದ್ದಳು. ಗೋಡೆ ಬಿದ್ದ ಕೂಡಲೇ ಹುಡುಗನ ಜೀವ ಹೋಗಿರಲಿಲ್ಲ. ಬೆಳಿಗ್ಗೆಯಿಂದ ಹೊತ್ತು ಇಳಿಯುವ ತನಕ ಕಲ್ಲುಗಳ ಕೆಳಗಿನಿಂದ ದನಿ ಬರುತ್ತಿತ್ತು. ಕಲ್ಲು ಎತ್ತುವ ಮಶೀನು ಬರುವುದು ತಡವಾಯಿತು. ಅವನು ತಾಯಿಯನ್ನು ಕರೆಯುತ್ತಿದ್ದ. ಪುಸ್ತಕದಲ್ಲೆಲ್ಲ ಅತ್ಯುತ್ತಮ ಬರವಣಿಗೆ ಆ ಅರ್ಧ ಪುಟ. ಹಸ್ತಪ್ರತಿಯಲ್ಲಿ ಅದರ ಒಂದು ಅಕ್ಷರವನ್ನೂ ಬದಲಾಯಿಸಬೇಡ ಎಂದು ನಾನೇ ಹೇಳಿದ್ದೆ.

"ಅದನ್ನ ಬಿಡ್ರಿ ಅಂತ ಸರಗ ನೀವು ಹೇಳ್ರಿ," ಎಂದಳು ಯಶೋಧರಾ.

"ಹೇಳಂಗಿಲ್ಲ," ಎಂದೆ. "ಹೋದ ಸಲ ಹೇಳಿ ಏನಾಯ್ತು ನೋಡಿಲ್ಲೇನು?"

ನಾವು ಹೋದಾಗ ಮಾಸ್ತರರು ಆಗಲೇ ಕಟ್ಟೆಯ ಮೇಲೆ ಕೂತಿದ್ದರು. ನಮಗೆ ನಮಸ್ಕಾರ ಮಾಡಿದರು. ರಮಾಬಾಯಿ ಮಗಳಿಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಬಾಗಿಲಿಗೆ ಒರಗಿ ಪುತಳಾಬಾಯಿ ಕೂತಿದ್ದಳು. ಮಾಸ್ತರರು ಓದಲು ಶುರುಮಾಡಿದರು. ಅಕ್ಕ ಪುಣೆಯಲ್ಲಿ ರೈಲು ಇಳಿಯುವುದು, ಆ ಕಟ್ಟಡವನ್ನು ಹುಡುಕುವುದು, ಅಲ್ಲಿ ಈಗ ಜನ ವಾಸವಾಗಿರುವುದು, ಬಾಲ್ಕನಿಯಲ್ಲಿ ಬಟ್ಟೆ ಒಣಗುತ್ತಿರುವುದು. ದನಿಯಲ್ಲಿ ಏರಿಳಿತವಿರಲಿಲ್ಲ. ಆ ಪುಟ ಬಂತು. ಯಶೋಧರಾ ತಲೆ ಬಗ್ಗಿಸಿದಳು.

ಮಾಸ್ತರರು ಪುಟ ತಿರುವಿದರು. ಓದುತ್ತಿದ್ದ ವಾಕ್ಯವನ್ನು ಮುಗಿಸಿದರು. ನಂತರದ ವಾಕ್ಯ, ಅಕ್ಕ ಸಂಜೆಯ ರೈಲಿಗೆ ಟಿಕೆಟ್ ತೆಗೆಸುವುದರ ಬಗ್ಗೆ ಇತ್ತು. ಆ ಅರ್ಧ ಪುಟ ಇರಲೇ ಇಲ್ಲ. ದನಿ ಎಲ್ಲಿಯೂ ತಡವರಿಸಲಿಲ್ಲ. ಪುಸ್ತಕ ಗೊತ್ತಿಲ್ಲದವರಿಗೆ ಅಲ್ಲೊಂದು ಜಾಗ ಖಾಲಿ ಬಿದ್ದದ್ದು ತಿಳಿಯುವಂತಿರಲಿಲ್ಲ. ಯಶೋಧರಾ ತಲೆ ಎತ್ತಿ ಅವರನ್ನು ನೋಡಿದಳು. ಅವರು ಪುಸ್ತಕದಿಂದ ಕಣ್ಣು ತೆಗೆಯಲಿಲ್ಲ. ಕೊನೆಯ ಸಾಲಿನ ತನಕ ಓದಿದರು.

ರಮಾಬಾಯಿ ಮಗಳನ್ನಲ್ಲ, ಮಾಸ್ತರರನ್ನು ಕೇಳಿದಳು.

"ಯಣ್ಣಾ, ಅಂವಗ ಬಾಳ ತ್ರಾಸ ಆಯ್ತೇನು? ಹಂಗೇನರ ಬರದಾಳೇನು ಅದರಾಗ?"

ಮಾಸ್ತರರು ಪುಸ್ತಕವನ್ನು ಮುಚ್ಚಲಿಲ್ಲ. ಹಿಂದಿನ ಪುಟ ತಿರುವಿ, ಆ ಅರ್ಧ ಪುಟದ ಮೇಲೆ ಬೆರಳಿಟ್ಟು, ಮೇಲಿನಿಂದ ಕೆಳಗಿನ ತನಕ ನಿಧಾನವಾಗಿ ನೋಡಿದರು.

"ಇಲ್ಲ ತಂಗಿ," ಎಂದರು. "ಹಂಗೇನೂ ಬರದಿಲ್ಲ. ಗೋಡಿ ಬಿತ್ತು, ಅಷ್ಟರಾಗ ಹೋದ ಅಂತ ಅದ."